ಗಾನದಾನಿ ಹ್ಯಾಂಡೆಲ್

ಹಂಚಿದಷ್ಟೂ ಹೆಚ್ಚುವ ಧನವೆಂದು ನಮ್ಮ ಹಿರಿಯರು ವಿದ್ಯೆಯನ್ನು ಕೊಂಡಾಡಿದ್ದಾರೆ. ಸಂಗೀತಕ್ಕೂ ಈ ಮಾತು ಸಲ್ಲುತ್ತದೆ. ಒಂದು ರೊಟ್ಟಿಯನ್ನು ಹತ್ತು ಮಂದಿಗೆ ಹಂಚಿದರೆ ಒಬ್ಬೊಬ್ಬನಿಗೆ ದೊರೆಯುವುದು ಒಂದು ತುಣುಕು ಮಾತ್ರ. ಒಂದು ಹಾಡನ್ನು ಹತ್ತು ಮಂದಿಗೆ ಹಂಚಿದರೆ ಒಬ್ಬೊಬ್ಬನಿಗೂ ಇಡಿಯ ಹಾಡೇ ದೊರೆಯುತ್ತದೆ. ಹತ್ತು ಕಂಠಗಳು ಕೂಡಿದಾಗ ಅದು ಮೊದಲಿಗಿಂತ ಹಿರಿದೂ ಆಗುತ್ತದೆ. ಈ ಸತ್ಯವನ್ನು ಕೀರ್ತಿಯ ಶಿಖರದಲ್ಲಲ್ಲ, ಸೋಲಿನ ಕಣಿವೆಯಲ್ಲಿ ಕಂಡುಕೊಂಡು, ತನ್ನ ಸಂಗೀತದಿಂದ ಸೆರೆಮನೆಯ ಬಾಗಿಲುಗಳನ್ನೇ ತೆರೆಯಿಸಿದ ಮಹಾನುಭಾವನೊಬ್ಬನಿದ್ದನು. ಅವನೇ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್.

ಹ್ಯಾಂಡೆಲನು ಹುಟ್ಟಿದ್ದು 1685ರ ಫೆಬ್ರವರಿ 23ರಂದು, ಜರ್ಮನಿಯ ಹಾಲೆ ಎಂಬ ಪಟ್ಟಣದಲ್ಲಿ. ಪಾಶ್ಚಾತ್ಯ ಸಂಗೀತದ ಮತ್ತೊಬ್ಬ ಮಹಾಪುರುಷನಾದ ಬಾಖ್ ಜನಿಸಿದ್ದೂ ಅದೇ ವರ್ಷವೇ. ಹ್ಯಾಂಡೆಲನ ತಾಯಿ ಲೂಥರನ ಪಂಥಕ್ಕೆ ಸೇರಿದ ಸಭಾಪಾಲಕನೊಬ್ಬನ ಮಗಳು. ಕ್ರೈಸ್ತ ಧರ್ಮದ ಸುಧಾರಕನಾದ ಮಾರ್ಟಿನ್ ಲೂಥರನು ಸಂಗೀತವನ್ನು ದೇವರ ವರವೆಂದು ಭಾವಿಸಿದವನು. ದೇವಾಲಯದಲ್ಲಿ ಹಾಡುವುದು ಕೆಲವು ಮಂದಿ ಗಾಯಕರ ಹಕ್ಕಾಗಿ ಉಳಿಯದೆ, ನೆರೆದ ಸಭೆಯೆಲ್ಲವೂ ತನ್ನ ತಾಯ್ನುಡಿಯಲ್ಲಿ ಒಕ್ಕೊರಲಿನಿಂದ ಹಾಡಬೇಕೆಂದು ಅವನು ಬಯಸಿದನು. ತಾನೇ ಗೀತೆಗಳನ್ನೂ ರಚಿಸಿಕೊಟ್ಟನು. ಹೀಗಾಗಿ ಹಾಲೆಯ ಬಾಲಕನ ಕಿವಿಗೆ ಬಿದ್ದ ಮೊದಲ ಸಂಗೀತಗಳಲ್ಲಿ ವ್ಯಾಪಾರಿ, ಕಮ್ಮಾರ, ಮುದುಕಿ, ಮಗು ಎಂಬ ಭೇದವಿಲ್ಲದೆ ಊರೇ ಕೂಡಿ ಹಾಡುವ ಹಾಡೂ ಒಂದಾಗಿತ್ತು. ಆ ನಾದವನ್ನು ಅವನು ಬಹುಕಾಲ ಮರೆತಂತೆ ಕಂಡರೂ ಅದು ಅವನ ಅಂತರಂಗದಲ್ಲಿ ಉಳಿದೇ ಇದ್ದಿತು.

ತಂದೆಯು ಕ್ಷೌರವನ್ನೂ ಶಸ್ತ್ರಚಿಕಿತ್ಸೆಯನ್ನೂ ವೃತ್ತಿಯಾಗಿ ಉಳ್ಳವನು. ಮಗ ಹುಟ್ಟಿದಾಗ ಅವನಿಗೆ ಅರವತ್ತು ದಾಟಿತ್ತು. ಸಂಗೀತವು ಹೊಟ್ಟೆ ತುಂಬಿಸದ ವಿದ್ಯೆಯೆಂದು ಎಣಿಸಿ, ಮಗನು ನ್ಯಾಯಶಾಸ್ತ್ರವನ್ನು ಓದಬೇಕೆಂದು ಅವನು ನಿಶ್ಚಯಿಸಿದ್ದನು. ಮನೆಯಲ್ಲಿ ವಾದ್ಯಗಳಿಗೆ ಪ್ರವೇಶವಿರಲಿಲ್ಲ. ಆದರೆ ಬಾಲಕನು ಮೆಲುದನಿಯ ಪುಟ್ಟ ವಾದ್ಯವೊಂದನ್ನು ಗುಟ್ಟಾಗಿ ಅಟ್ಟಕ್ಕೆ ಸಾಗಿಸಿ, ಮನೆಮಂದಿಯೆಲ್ಲ ಮಲಗಿದ ಮೇಲೆ ಅಭ್ಯಾಸ ಮಾಡುತ್ತಿದ್ದನೆಂದು ಅವನ ಮೊದಲ ಚರಿತ್ರಕಾರನು ಬರೆದಿದ್ದಾನೆ. ಮುಂದೊಮ್ಮೆ ತಂದೆಯೊಡನೆ ವೈಸೆನ್‌ಫೆಲ್ಸ್ ಎಂಬಲ್ಲಿನ ಅರಮನೆಗೆ ಹೋದಾಗ, ಅಲ್ಲಿನ ದೇವಾಲಯದಲ್ಲಿ ಹುಡುಗನು ನುಡಿಸಿದ ಆರ್ಗನ್ ವಾದನವನ್ನು ಡ್ಯೂಕನು ಕೇಳಿ ಬೆರಗಾದನು. ಇಂಥ ಮಗುವಿನ ವಿದ್ಯೆಗೆ ಅಡ್ಡಿಬರುವುದು ತರವಲ್ಲವೆಂದು ತಂದೆಗೆ ತಿಳಿಯಹೇಳಿದನು. ಪ್ರಭುವಿನ ಮಾತನ್ನು ಮೀರಲಾರದೆ ತಂದೆಯು ಒಪ್ಪಿಕೊಂಡನು. ಬಾಲಕನು ಹಾಲೆಯ ದೇವಾಲಯದ ಆರ್ಗನ್ ವಾದಕನಾದ ತ್ಸಾಖೋ ಎಂಬ ಗುರುವಿನ ಬಳಿ ಶಿಷ್ಯನಾಗಿ ಸೇರಿದನು.

1697ರಲ್ಲಿ ತಂದೆಯು ತೀರಿಕೊಂಡಾಗ ಹ್ಯಾಂಡೆಲನಿಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. 1702ರಲ್ಲಿ ಹಾಲೆಯ ವಿಶ್ವವಿದ್ಯಾಲಯವನ್ನು ಸೇರಿದನಾದರೂ ಅವನ ಮನಸ್ಸು ಪೂರ್ಣವಾಗಿ ಸಂಗೀತಕ್ಕೇ ಒಲಿದಿತ್ತು. ಒಂದು ವರ್ಷ ದೇವಾಲಯದಲ್ಲಿ ಆರ್ಗನ್ ನುಡಿಸಿ, 1703ರಲ್ಲಿ ಹ್ಯಾಂಬರ್ಗ್ ನಗರದ ಗೀತನಾಟಕ ಶಾಲೆಗೆ ಪಿಟೀಲು ವಾದಕನಾಗಿ ಹೋದನು. ಅಲ್ಲಿಂದ 1706ರಲ್ಲಿ ಇಟಲಿಗೆ ತೆರಳಿ, ಫ್ಲಾರೆನ್ಸ್, ರೋಮ್, ನೇಪಲ್ಸ್, ವೆನಿಸ್ ನಗರಗಳಲ್ಲಿ ನಾಲ್ಕು ವರ್ಷಗಳ ಕಾಲ ಸಂಗೀತ ರಚಿಸುತ್ತಲೂ ಕಲಿಯುತ್ತಲೂ ಇದ್ದನು. ಅವನು ಪ್ರಾಟೆಸ್ಟೆಂಟ್ ಪಂಥದವನಾದರೂ ರೋಮಿನ ಕ್ಯಾಥೊಲಿಕ್ ಧರ್ಮಗುರುಗಳು ಅವನ ಪ್ರತಿಭೆಯನ್ನು ಮೆಚ್ಚಿ ಆದರಿಸಿದರು. ಪಂಥಗಳ ನಡುವಣ ಗೋಡೆಗೆ ಸಂಗೀತವು ಬಾಗಿಲಾಗಬಲ್ಲುದೆಂಬುದನ್ನು ತರುಣನು ಆಗಲೇ ಕಂಡನು.

1710ರಲ್ಲಿ ಹ್ಯಾಂಡೆಲನು ಲಂಡನ್ನಿಗೆ ಬಂದನು. ಮರುವರ್ಷ ಅವನ ‘ರಿನಾಲ್ಡೊ’ ಎಂಬ ಗೀತನಾಟಕವು ಆ ನಗರವನ್ನು ಮರುಳುಗೊಳಿಸಿತು. ಮುಂದೆ ಅವನು ಅಲ್ಲಿಯೇ ನೆಲೆಸಿದನು. 1727ರಲ್ಲಿ ಬ್ರಿಟಿಷ್ ಪ್ರಜೆಯೂ ಆದನು. 1717ರ ಜುಲೈ ತಿಂಗಳ ಒಂದು ಸಂಜೆ ಒಂದನೆಯ ಜಾರ್ಜ್ ದೊರೆಯು ಥೇಮ್ಸ್ ನದಿಯಲ್ಲಿ ನೌಕಾವಿಹಾರ ಮಾಡಿದಾಗ, ಪಕ್ಕದ ದೋಣಿಯಿಂದ ಸುಮಾರು ಐವತ್ತು ಮಂದಿ ವಾದಕರು ಹ್ಯಾಂಡೆಲನ ‘ಜಲಸಂಗೀತ’ವನ್ನು ನುಡಿಸಿದರು. ದೊರೆಯು ಅದನ್ನು ಮತ್ತೆ ಮತ್ತೆ ನುಡಿಸುವಂತೆ ಹೇಳಿ ಕೇಳಿದನು. 1727ರಲ್ಲಿ ಎರಡನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆಂದು ಅವನು ರಚಿಸಿದ ಗಾನವೊಂದು ಅಂದಿನಿಂದ ಇಂದಿನವರೆಗೂ ಬ್ರಿಟನ್ನಿನ ಪ್ರತಿಯೊಂದು ಪಟ್ಟಾಭಿಷೇಕದಲ್ಲಿಯೂ ಮೊಳಗುತ್ತ ಬಂದಿದೆ.

ಹೊರಗಿನಿಂದ ನೋಡುವವರಿಗೆ ಇದು ತುಂಬಿದ ಬಾಳು. ಆದರೆ ಆ ಕಾಲದ ಗೀತನಾಟಕಗಳ ಲೋಕವು ಮೇಲೆ ಹೊಳಪು, ಒಳಗೆ ಕಲಹ ಎಂಬಂತಿತ್ತು. ನಾಟಕಗಳು ಇಟಾಲಿಯನ್ ಭಾಷೆಯಲ್ಲಿದ್ದು, ಕೇಳುಗರಲ್ಲಿ ಬಹುಮಂದಿಗೆ ಅವುಗಳ ಮಾತು ತಿಳಿಯುತ್ತಿರಲಿಲ್ಲ. ಪ್ರವೇಶದ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಹೊರನಾಡಿನಿಂದ ಭಾರಿ ಸಂಭಾವನೆ ಕೊಟ್ಟು ಕರೆಸಿದ ಗಾಯಕ ಗಾಯಕಿಯರೇ ಆ ರಂಗದ ಅಧಿದೇವತೆಗಳು. 1727ರಲ್ಲಿ ಇಬ್ಬರು ಗಾಯಕಿಯರ ಅಭಿಮಾನಿಗಳು ಎರಡು ಪಕ್ಷಗಳಾಗಿ, ರಾಜಕುಮಾರಿಯ ಸಮ್ಮುಖದಲ್ಲಿಯೇ ಸಿಳ್ಳು ಕೂಗಾಟಗಳಿಂದ ರಂಗಮಂದಿರವನ್ನು ಸಂತೆಯಾಗಿಸಿದರು. ಹಾಡು ಜನರನ್ನು ಕೂಡಿಸುವ ಬದಲು ಒಡೆಯುತ್ತಿತ್ತು.

1733ರಲ್ಲಿ ಹ್ಯಾಂಡೆಲನಿಗೆ ಇದಿರಾಗಿ ಸಿರಿವಂತರು ಮತ್ತೊಂದು ನಾಟಕ ಮಂಡಲಿಯನ್ನು ಹೂಡಿದರು. ಒಂದು ನಗರ ಎರಡು ಮಂಡಲಿಗಳನ್ನು ಸಾಕಲಾರದೆ ಎರಡೂ ನಷ್ಟದಲ್ಲಿ ಮುಳುಗಿದವು. ಬಿಡುವಿಲ್ಲದ ದುಡಿಮೆಯಿಂದ ಹ್ಯಾಂಡೆಲನ ದೇಹವೂ ಸೋತಿತು. 1737ರಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ವಾದಕನಿಗೆ ಕೈಯೇ ಬಾಳು. ಅವನ ಕಥೆ ಮುಗಿಯಿತೆಂದೇ ಹಲವರು ಭಾವಿಸಿದರು. ಅವನು ಆಖೆನ್ ನಗರದ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಪಡೆದು, ಎಲ್ಲರೂ ಅಚ್ಚರಿಪಡುವಂತೆ ಚೇತರಿಸಿಕೊಂಡು ಆ ವರ್ಷವೇ ಲಂಡನ್ನಿಗೆ ಮರಳಿದನು.

ಮರುವರ್ಷ ನಡೆದ ಒಂದು ಸಂಗತಿ ಗಮನಾರ್ಹವಾದುದು. ಲಂಡನ್ನಿನ ವಾದ್ಯವೃಂದಗಳಲ್ಲಿ ಓಬೋ ಎಂಬ ಊದುವಾದ್ಯವನ್ನು ನುಡಿಸುತ್ತಿದ್ದ ಕಿಚ್ ಎಂಬ ಕಲಾವಿದನು ಕಡುಬಡತನದಲ್ಲಿ ಮಡಿದಿದ್ದನು. ಅವನ ಮಕ್ಕಳು ಹಾಲು ಮಾರುವವರ ಕತ್ತೆಗಳನ್ನು ಅಟ್ಟಿಕೊಂಡು ಬೀದಿಯಲ್ಲಿ ಹೋಗುತ್ತಿದ್ದುದನ್ನು ಅವನ ಸಂಗಡಿಗರು ಕಂಡರೆಂದು ಹೇಳುತ್ತಾರೆ. ನೊಂದ ಕಲಾವಿದರು 1738ರಲ್ಲಿ ಒಟ್ಟುಗೂಡಿ, ಕೈಲಾಗದ ಸಂಗೀತಗಾರರಿಗೂ ಅವರ ಕುಟುಂಬಗಳಿಗೂ ನೆರವಾಗಲು ಒಂದು ನಿಧಿಯನ್ನು ಸ್ಥಾಪಿಸಿದರು. ಅದರ ಮೊದಲ ಸದಸ್ಯರಲ್ಲಿ ಹ್ಯಾಂಡೆಲನೂ ಒಬ್ಬನು. ಸ್ವತಃ ಸೋಲನ್ನೂ ಕಾಯಿಲೆಯನ್ನೂ ಉಂಡವನಿಗೆ ಇತರರ ಸಂಕಟ ದೂರದ ಮಾತಾಗಿ ಉಳಿದಿರಲಿಲ್ಲ.

ಈ ಕಾಲಕ್ಕೆ ಅವನ ಕಲೆಯೂ ಹೊಸ ದಾರಿ ಹಿಡಿದಿತ್ತು. ಅದು ಆರಟೋರಿಯೊ ಎಂಬ ಗಾನಪ್ರಬಂಧದ ದಾರಿ. ಇದರಲ್ಲಿ ವೇಷವಿಲ್ಲ, ಅಭಿನಯವಿಲ್ಲ, ಪರದೆಗಳಿಲ್ಲ. ಬೈಬಲಿನ ಕಥಾವಸ್ತುವನ್ನು ಗಾಯಕರೂ ವಾದಕರೂ ನಿಂತಲ್ಲೇ ನಿಂತು ನಿರೂಪಿಸುತ್ತಾರೆ. ‘ಎಸ್ತೇರ್’, ‘ಸೌಲ’, ‘ಐಗುಪ್ತದಲ್ಲಿ ಇಸ್ರಾಯೇಲ್’ ಮೊದಲಾದ ಕೃತಿಗಳನ್ನು ಅವನು ಜನರಿಗೆ ತಿಳಿಯುವ ಇಂಗ್ಲಿಷಿನಲ್ಲಿ ರಚಿಸಿದನು. ಇಲ್ಲಿ ಹಿರಿಮೆ ಒಬ್ಬ ಗಾಯಕನದಲ್ಲ, ವೃಂದಗಾನದ್ದು. ವೃಂದವು ನಾಲ್ಕು ಬಗೆಯ ಕಂಠಗಳಾಗಿ ಹಂಚಿಕೊಂಡಿರುತ್ತದೆ. ಒಂದು ಕಂಠ ಎತ್ತಿದ ಸ್ವರಪಂಕ್ತಿಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಬಳಿಕ ಮೂರನೆಯದು, ನಾಲ್ಕನೆಯದು. ಒಂದನ್ನೊಂದು ಹಿಂಬಾಲಿಸಿ, ಬೇರೆ ಬೇರೆ ಹರಿದು, ಕಡೆಗೆ ನಾಲ್ಕೂ ಸಂಗಮವಾಗಿ ಒಂದೇ ಘೋಷವಾಗುತ್ತವೆ. ಎಷ್ಟೇ ದೊಡ್ಡ ವಿದ್ವಾಂಸನಾದರೂ ಒಬ್ಬನೇ ಅದನ್ನು ಹಾಡಲಾರನು. ಪಕ್ಕದವನ ದನಿಗೆ ಕಿವಿಗೊಡದೆ ಯಾರೂ ಅದನ್ನು ಹಾಡಲಾರರು. ಹಾಲೆಯ ದೇವಾಲಯದಲ್ಲಿ ಊರೇ ಕೂಡಿ ಹಾಡಿದ ಆ ಹಾಡು ಹೀಗೆ ಹೊಸ ರೂಪದಲ್ಲಿ ಹ್ಯಾಂಡೆಲನಿಗೆ ಮರಳಿ ದೊರೆಯಿತು.

1741ರ ಆರಂಭದಲ್ಲಿ ಅವನ ಕೊನೆಯ ಗೀತನಾಟಕವು ಮೂರೇ ಪ್ರದರ್ಶನಗಳಿಗೆ ನಿಂತುಹೋಯಿತು. ಅದೇ ವರ್ಷ ಚಾರ್ಲ್ಸ್ ಜೆನೆನ್ಸ್ ಎಂಬ ಸಿರಿವಂತ ಮಿತ್ರನು ಬೈಬಲಿನ ವಾಕ್ಯಗಳನ್ನೇ ಆರಿಸಿ ಜೋಡಿಸಿದ ಒಂದು ಸಂಕಲನವನ್ನು ಅವನಿಗೆ ಕೊಟ್ಟನು. ಪ್ರವಾದಿಗಳ ಭರವಸೆ, ಕ್ರಿಸ್ತನ ಜನನ, ಶಿಲುಬೆಯ ಯಾತನೆ, ಪುನರುತ್ಥಾನ, ಮೃತ್ಯುವಿನ ಮೇಲಣ ಜಯ ಎಂಬುದು ಅದರ ಕ್ರಮ. ಆಗಸ್ಟ್ 22ರಂದು ಹ್ಯಾಂಡೆಲನು ಬರೆಯಲು ಕುಳಿತನು. ಸೆಪ್ಟೆಂಬರ್ 14ರಂದು ಮುಗಿಸಿದನು. ಸುಮಾರು ಎರಡೂವರೆ ಗಂಟೆಯ ‘ಮೆಸ್ಸೀಯ’ ಎಂಬ ಆ ಮಹಾಕೃತಿ ಇಪ್ಪತ್ತನಾಲ್ಕು ದಿನಗಳಲ್ಲಿ ರೂಪುಗೊಂಡಿತು. ಹಸ್ತಪ್ರತಿಯ ಕೊನೆಯಲ್ಲಿ ಅವನು ಲ್ಯಾಟಿನ್ ಮಾತೊಂದರ ಮೂರು ಮೊದಲಕ್ಷರಗಳನ್ನು ಬರೆದನು. ಮಹಿಮೆಯೆಲ್ಲ ದೇವರೊಬ್ಬನಿಗೇ ಸಲ್ಲುವುದೆಂಬುದು ಆ ಮಾತಿನ ಆಶಯ. ಸಂಗೀತವು ದೇವರು ಕೊಟ್ಟ ವರವೆಂದ ಮೇಲೆ ಅದನ್ನು ಪಡೆದವನು ಅದರ ಒಡೆಯನಲ್ಲ. ಅದನ್ನು ಹಂಚಬೇಕಾದ ಪರಿಚಾರಕ.

ಹಂಚುವ ಅವಕಾಶವೂ ಬೇಗನೆ ಒದಗಿತು. ಐರ್ಲೆಂಡಿನ ರಾಜಪ್ರತಿನಿಧಿಯ ಆಹ್ವಾನದ ಮೇರೆಗೆ ಹ್ಯಾಂಡೆಲನು 1741ರ ನವೆಂಬರಿನಲ್ಲಿ ಡಬ್ಲಿನ್ ನಗರವನ್ನು ತಲಪಿದನು. ಐರ್ಲೆಂಡ್ ಆಗತಾನೆ ಭೀಕರ ಕ್ಷಾಮವೊಂದನ್ನು ಅನುಭವಿಸಿತ್ತು. ಅಂದಿನ ಕಾನೂನಿನಂತೆ ಸಾಲ ತೀರಿಸಲಾಗದವನನ್ನು ಸೆರೆಮನೆಗೆ ತಳ್ಳಬಹುದಾಗಿತ್ತು. ಹೊರಗಿದ್ದರೆ ದುಡಿದು ತೀರಿಸಬಹುದು, ಒಳಗಿದ್ದವನು ದುಡಿಯುವುದೆಂತು? ದುಡಿಯದೆ ಬಿಡುಗಡೆಯಾಗುವುದೆಂತು? ಅಲ್ಪ ಸಾಲಕ್ಕಾಗಿ ಬಂದಿಯಾದವನು ವರ್ಷಗಟ್ಟಲೆ ಅಲ್ಲಿಯೇ ಕೊಳೆಯುವನು, ಹೊರಗೆ ಅವನ ಹೆಂಡತಿ ಮಕ್ಕಳು ಹಸಿಯುವರು. ಈ ದೀನರ ಬಿಡುಗಡೆಗೂ ನಗರದ ಎರಡು ಧರ್ಮಾಸ್ಪತ್ರೆಗಳ ನೆರವಿಗೂ ‘ಮೆಸ್ಸೀಯ’ದ ಮೊದಲ ಗಾಯನವನ್ನು ಮುಡಿಪಾಗಿಡಲು ನಿಶ್ಚಯವಾಯಿತು. ನಷ್ಟದ ರುಚಿಯನ್ನು ಕಂಡಿದ್ದ ಹ್ಯಾಂಡೆಲನು ಆ ದಿನದ ಆದಾಯದಲ್ಲಿ ತನಗೆಂದು ಏನನ್ನೂ ಇರಿಸಿಕೊಳ್ಳಲಿಲ್ಲ. ಪ್ರಧಾನ ಗಾಯಕಿಯರೂ, ವಾದ್ಯವೃಂದದ ನಾಯಕನೂ, ವೃಂದದವರೂ ಅವನಂತೆಯೇ ಸಂಭಾವನೆಯಿಲ್ಲದೆ ಹಾಡಿದರು, ನುಡಿಸಿದರು.

ವಿಘ್ನವೂ ಬಾರದಿರಲಿಲ್ಲ. ವೃಂದಕ್ಕೆ ನಗರದ ಎರಡು ಮಹಾದೇವಾಲಯಗಳ ಗಾಯಕರು ಬೇಕಾಗಿದ್ದರು. ಅವುಗಳಲ್ಲೊಂದರ ಮುಖ್ಯಾಧಿಕಾರಿಯು ಸುಪ್ರಸಿದ್ಧ ಲೇಖಕನಾದ ಜೊನಾಥನ್ ಸ್ವಿಫ್ಟ್. ವೃದ್ಧಾಪ್ಯದಿಂದ ಮನಸ್ಸು ಕದಡಿದ್ದ ಆತನು ತನ್ನ ಗಾಯಕರು ಸಂಗೀತಶಾಲೆಯಲ್ಲಿ ಹಾಡಕೂಡದೆಂದು ಮೊದಲು ನಿಷೇಧಿಸಿ, ಬಳಿಕ ಒಪ್ಪಿದನು. 1742ರ ಏಪ್ರಿಲ್ 13, ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮಂಗಳವಾರ, ನಡುಹಗಲಿನಲ್ಲಿ ಫಿಶ್ಯಾಂಬಲ್ ಬೀದಿಯ ಸಂಗೀತಶಾಲೆ ತುಂಬಿತು. ಹೆಚ್ಚು ಮಂದಿಗೆ ಎಡೆಯಾಗಲೆಂದು, ಮಹಿಳೆಯರು ಬಳೆಕಟ್ಟಿನ ಅಗಲ ಲಂಗಗಳನ್ನು ತೊಡದೆ, ಪುರುಷರು ಕತ್ತಿ ಧರಿಸದೆ ಬರಬೇಕೆಂದು ಮೊದಲೇ ಕೇಳಿಕೊಳ್ಳಲಾಗಿತ್ತು. ಸಿರಿಯ ಗುರುತಾದ ಲಂಗವನ್ನೂ ಅಧಿಕಾರದ ಗುರುತಾದ ಕತ್ತಿಯನ್ನೂ ಮನೆಯಲ್ಲಿಟ್ಟು, ಸುಮಾರು ಏಳುನೂರು ಮಂದಿ ಒತ್ತೊತ್ತಾಗಿ ಕುಳಿತರು.

ಅಂದು ಹಾಡಿದವರಲ್ಲಿ ಸುಸಾನಾ ಸಿಬ್ಬರ್ ಎಂಬ ನಟಿಯೂ ಇದ್ದಳು. ಪತಿಯು ಹೂಡಿದ ಮೊಕದ್ದಮೆಗಳಿಂದ ಅವಳ ಖಾಸಗಿ ಬದುಕು ಲಂಡನ್ನಿನ ಬಾಯಿಗೆ ಬಿದ್ದು, ಅವಳು ರಂಗವನ್ನೇ ತೊರೆಯಬೇಕಾಗಿತ್ತು. ಅವಳ ಕಂಠ ದೊಡ್ಡದಲ್ಲ. ಆದರೆ ನೋವನ್ನು ಅರಿತ ಕಂಠ. ಜನರ ತಿರಸ್ಕಾರಕ್ಕೆ ಗುರಿಯಾದ ಕ್ರಿಸ್ತನ ದುಃಖವನ್ನು ಅವಳು ಹಾಡಿದಾಗ, ಜನರ ತಿರಸ್ಕಾರವನ್ನು ತಾನೂ ಬಲ್ಲವಳ ಆ ದನಿ ಕೇಳುಗರ ಎದೆಯನ್ನು ಕರಗಿಸಿತು. ಸಭೆಯಲ್ಲಿದ್ದ ಧರ್ಮಗುರುವೊಬ್ಬನು ಭಾವಪರವಶನಾಗಿ ಎದ್ದು, ಈ ಗಾನದಿಂದ ಅವಳ ಪಾಪಗಳೆಲ್ಲವೂ ಕ್ಷಮೆಗೊಳ್ಳಲೆಂದು ಹರಸಿದನೆಂದು ಹೇಳುತ್ತಾರೆ.

ಅಂದು ಕೂಡಿದ ಹಣ ಸುಮಾರು ನಾನೂರು ಪೌಂಡು. ಅದನ್ನು ಮೂರು ಧರ್ಮಕಾರ್ಯಗಳಿಗೆ ಸಮನಾಗಿ ಹಂಚಲಾಯಿತು. ಬಂದಿಗಳ ಪಾಲಿಗೆ ಬಂದ ಹಣದಿಂದ 142 ಮಂದಿಯ ಸಾಲ ತೀರಿ, ಅವರು ಸೆರೆಮನೆಯಿಂದ ಹೊರಬಂದರೆಂದು ದಾಖಲೆಯಾಗಿದೆ. ಅವರಲ್ಲಿ ಒಬ್ಬನೂ ಆ ಸಂಗೀತವನ್ನು ಕೇಳಿರಲಾರನು. ಆದರೂ ಅದರ ಫಲವನ್ನು ಅವರಷ್ಟು ಸಂಪೂರ್ಣವಾಗಿ ಉಂಡವರು ಬೇರಾರೂ ಇರಲಿಲ್ಲ.

ಲಂಡನ್ನಿನಲ್ಲಿ 1743ರಲ್ಲಿ ಈ ಕೃತಿಗೆ ಅಂಥ ಸ್ವಾಗತ ದೊರೆಯಲಿಲ್ಲ. ಪವಿತ್ರ ವಾಕ್ಯಗಳನ್ನು ನಾಟಕಶಾಲೆಯಲ್ಲಿ, ನಟನಟಿಯರ ಬಾಯಿಂದ ಹಾಡಿಸುವುದು ಅಪಚಾರವೆಂದು ಕೆಲವರು ಮುನಿದರು. ಅವರ ಮನಸ್ಸು ತಿರುಗಿದುದು ಮತ್ತೊಂದು ಧರ್ಮಕಾರ್ಯದಿಂದಲೇ. ಬೀದಿಗಳಲ್ಲಿ ತೊರೆದುಹೋದ ಹಸುಗೂಸುಗಳನ್ನು ಕಂಡು ಮರುಗಿದ ಥಾಮಸ್ ಕೋರಮ್ ಎಂಬ ನಾವಿಕನು ಅನೇಕ ವರ್ಷ ಹೆಣಗಿ, 1739ರಲ್ಲಿ ದೊರೆಯ ಸನ್ನದನ್ನು ಪಡೆದು, ಅಂಥ ಶಿಶುಗಳಿಗೆ ಆಶ್ರಯಧಾಮವೊಂದನ್ನು ಕಟ್ಟಿದ್ದನು. ಹ್ಯಾಂಡೆಲನು ಅದರ ಪ್ರಾರ್ಥನಾಮಂದಿರಕ್ಕೆ ಆರ್ಗನ್ ವಾದ್ಯವನ್ನು ಕಾಣಿಕೆಯಾಗಿ ಕೊಟ್ಟು, 1750ರ ಮೇ 1ರಂದು ಅಲ್ಲಿ ‘ಮೆಸ್ಸೀಯ’ವನ್ನು ಹಾಡಿಸಿದನು. ಕಿಕ್ಕಿರಿದು ಬಂದವರಲ್ಲಿ ಎಷ್ಟೋ ಮಂದಿಗೆ ಸ್ಥಳ ಸಿಕ್ಕದೆ ಹಿಂದಿರುಗಿದ್ದರಿಂದ, ಎರಡು ವಾರಗಳಲ್ಲಿ ಇನ್ನೊಮ್ಮೆ ಹಾಡಿಸಬೇಕಾಯಿತು. ಅಂದಿನಿಂದ ಅದು ವರ್ಷವರ್ಷದ ನಡಾವಳಿಯಾಗಿ, ಅವನ ಕಾಲಾನಂತರವೂ ಮುಂದುವರಿದು, ಏಳು ಸಾವಿರ ಪೌಂಡುಗಳಿಗೆ ಸಮೀಪದ ನೆರವನ್ನು ಆ ಮಕ್ಕಳಿಗೆ ತಂದಿತು.

ಹ್ಯಾಂಡೆಲನು ದೋಷರಹಿತನಾಗಿರಲಿಲ್ಲ. ಅವನು ಮುಂಗೋಪಿ, ಭೋಜನಪ್ರಿಯ. ಹಾಡಲೊಪ್ಪದ ಗಾಯಕಿಯೊಬ್ಬಳನ್ನು ಕಿಟಕಿಯಿಂದ ಹೊರಗೆಸೆಯುವೆನೆಂದು ಬೆದರಿಸಿದ ಕಥೆ ಪ್ರಸಿದ್ಧವಾಗಿದೆ. ಗುಲಾಮರ ವ್ಯಾಪಾರದಲ್ಲಿ ತೊಡಗಿದ್ದ ಕಂಪನಿಯ ಷೇರುಗಳಲ್ಲಿ ಅವನ ಹಣವೂ ಕೆಲಕಾಲ ಇದ್ದಿತೆಂಬುದನ್ನು ಸಂಶೋಧಕರು ಕಂಡುಹಿಡಿದಿದ್ದಾರೆ. ಕಣ್ಣೆದುರಿನ ಬಂದಿಗೆ ಮರುಗಿದ ಹೃದಯವು ಕಡಲಾಚೆಯ ಬಂದಿಯನ್ನು ಕಾಣದೆ ಹೋದುದು ಅವನ ಕಾಲದ ಕುರುಡೂ ಹೌದು, ಅವನ ಕುರುಡೂ ಹೌದು. ಮಹಾಪುರುಷರ ಬಾಳಿನಿಂದ ಕಲಿಯುವವರು ಇದನ್ನೂ ಮರೆಯಬಾರದು.

1751ರಲ್ಲಿ ‘ಯೆಪ್ತಾಹ’ ಎಂಬ ಕೃತಿಯನ್ನು ಬರೆಯುತ್ತಿದ್ದಾಗ ಅವನ ಎಡಗಣ್ಣು ಮಂಜಾಗಿ, ಬರೆಹವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಪೂರ್ಣ ಅಂಧತ್ವ ಕವಿಯಿತು. ಆದರೂ ಅವನು ಸಭೆಯಿಂದ ದೂರ ಸರಿಯಲಿಲ್ಲ. ಕೈಹಿಡಿದು ಕರೆತಂದು ಆರ್ಗನ್ ಮುಂದೆ ಕುಳ್ಳಿರಿಸಿದರೆ, ಮನಸ್ಸಿನಲ್ಲಿದ್ದುದನ್ನು ಬೆರಳುಗಳಿಂದ ಸುರಿಸುತ್ತಿದ್ದನು. ಹಿಂದೆ ತಾನೇ ರಚಿಸಿದ್ದ ‘ಸಂಸೋನ’ದಲ್ಲಿ ಕುರುಡನಾದ ವೀರನ ಶೋಕಗೀತೆಯನ್ನು ಹಾಡುವಾಗ, ಪಕ್ಕದಲ್ಲಿ ಕುರುಡನಾಗಿ ಕುಳಿತ ಹ್ಯಾಂಡೆಲನನ್ನು ನೋಡಿ ಜನರು ಕಣ್ಣೀರಿಡುತ್ತಿದ್ದರು.

1759ರ ಏಪ್ರಿಲ್ 6ರಂದು ಅವನು ಕೊನೆಯ ಸಲ ‘ಮೆಸ್ಸೀಯ’ದ ಗಾಯನದಲ್ಲಿ ಉಪಸ್ಥಿತನಿದ್ದನು. ಎಂಟು ದಿನಗಳ ಬಳಿಕ, ಶುಭ ಶುಕ್ರವಾರ ಕಳೆದು ಈಸ್ಟರ್ ಬರುವ ಮುನ್ನಿನ ಶನಿವಾರ, ತನ್ನ ಮನೆಯಲ್ಲಿ ಕಣ್ಮುಚ್ಚಿದನು. ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದಲ್ಲಿ ಅವನನ್ನು ಸಮಾಧಿ ಮಾಡಿದಾಗ ಸುಮಾರು ಮೂರು ಸಾವಿರ ಮಂದಿ ನೆರೆದಿದ್ದರು. ಮರಣಶಾಸನದಲ್ಲಿ ಅವನು ಬಡ ಸಂಗೀತಗಾರರ ನಿಧಿಗೆ ಒಂದು ಸಾವಿರ ಪೌಂಡು ಬಿಟ್ಟಿದ್ದನು. ಅನಾಥ ಶಿಶುಗಳ ಧಾಮಕ್ಕೆ ‘ಮೆಸ್ಸೀಯ’ದ ಪೂರ್ಣ ಪ್ರತಿಯನ್ನೂ, ಹಾಡುವವರ ನುಡಿಸುವವರ ಬಿಡಿ ಪ್ರತಿಗಳನ್ನೂ ಬಿಟ್ಟಿದ್ದನು. ತನ್ನ ಅನಂತರವೂ ಕೂಡಿ ಹಾಡಬೇಕಾದವರ ಕೈಗೆ ಹಾಡನ್ನು ಒಪ್ಪಿಸಿ ಹೋಗಿದ್ದನು.

ಅಂದಿನಿಂದ ಆ ಹಾಡು ನಿಂತಿಲ್ಲ. 1784ರಲ್ಲಿ ಅವನ ಸ್ಮರಣೋತ್ಸವದಲ್ಲಿ ಐನೂರಕ್ಕೂ ಹೆಚ್ಚು ಮಂದಿ ಕೂಡಿ ಹಾಡಿ ನುಡಿಸಿದರು. ಮುಂದೆ ಊರೂರುಗಳಲ್ಲಿ ಹುಟ್ಟಿದ ಗಾಯನ ಸಂಘಗಳಲ್ಲಿ ಗಿರಣಿಯ ಕೆಲಸಗಾರರೂ ಗಣಿಯ ಕೂಲಿಗಳೂ ದಿನದ ದುಡಿಮೆಯನ್ನು ಮುಗಿಸಿ ಬಂದು ಇದನ್ನು ಕಲಿತು ಹಾಡಿದರು. ಇಂದು ಹಲವು ನಾಡುಗಳಲ್ಲಿ ಕೇಳಲು ಬಂದವರೇ ಪುಸ್ತಕ ಹಿಡಿದು ಎದ್ದು ನಿಂತು ವೃಂದಕ್ಕೆ ದನಿಗೂಡಿಸುವ ವಾಡಿಕೆಯೂ ಬೆಳೆದಿದೆ. ಡಬ್ಲಿನ್ನಿನ ಆ ಹಳೆಯ ಸಂಗೀತಶಾಲೆ ಈಗಿಲ್ಲ. ಆದರೂ ಏಪ್ರಿಲ್ 13ರಂದು ಜನರು ಫಿಶ್ಯಾಂಬಲ್ ಬೀದಿಯ ಬಯಲಿನಲ್ಲಿ ನೆರೆದು ಅದೇ ವೃಂದಗಾನಗಳನ್ನು ಹಾಡಿಸಿ ಕೇಳುತ್ತಾರೆ. ಅಲ್ಲಿ ಪ್ರವೇಶಕ್ಕೆ ಬೆಲೆಯಿಲ್ಲ, ಗೋಡೆಯಿಲ್ಲ, ಬಾಗಿಲಿಲ್ಲ. ದಾರಿಯಲ್ಲಿ ಹೋಗುವವರೂ ನಿಂತು ದನಿಗೂಡಿಸಬಹುದು.